ಕರೆದದ್ದು ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ

(ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬಂದಿದ್ದವರಲ್ಲಿ ಹೆಚ್ಚಿನವರು ಹಿರಿಯರು. ಬರೆದುಕೊಡಿ, ಮಕ್ಕಳಿಗೂ ಓದಿಸುತ್ತೇವೆ ಅಂದರು, ಅದಕ್ಕೇ ಬರೆದೆ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ನಮ್ಮಮ್ಮನ ಪಾಸ್‌ಬುಕ್ಕಿನಿಂದ ಶುರು ಮಾಡುತ್ತೇನೆ. ಅಮ್ಮನಿಗೆ ಈಗ 71 ವರ್ಷ. ಅಪ್ಪ ಹೋದ ಮೇಲೆ ಬರುವ ಕುಟುಂಬ ಪಿಂಚಣಿ ಅವರ ಖಾತೆಗೇ ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ, ಬಾಗಿಲ ಪಕ್ಕದ ಮಷೀನಿನಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ನೋಡುವುದು ಅವರ ರೂಢಿ. ಹೋದ ವರ್ಷ ಹಾಗೆ ನೋಡುವಾಗ ಮೂರು ಸಾಲು ಅವರಿಗೆ ಅರ್ಥವಾಗಲಿಲ್ಲ. ಮೂರರಲ್ಲೂ 399 ರೂಪಾಯಿ. ತಿಂಗಳಿಗೊಂದು. ಯುಪಿಐ ಅಂತ ಶುರುವಾಗಿ, ಮಧ್ಯೆ ಉದ್ದದೊಂದು ನಂಬರು, ಕೊನೆಗೆ ಯಾವುದೋ ಕಂಪನಿಯ ಹೆಸರಿನ ಮೊದಲ ಐದಾರು ಅಕ್ಷರ.

‘ಏನೇ ಇದು, ನಾನು ಯಾರಿಗೂ ಹಣ ಕಳಿಸಿಲ್ಲವಲ್ಲೇ’ ಅಂದರು.

ನಾನು ಬ್ಯಾಂಕಿನ ಕೌಂಟರಿನಲ್ಲಿ 22 ವರ್ಷ ಕೂತವಳು. ಯಾರೋ ಖಾತೆಗೆ ಕೈ ಹಾಕಿದ್ದಾರೆ ಅಂತ ನನಗೂ ಎದೆ ಧಸಕ್ಕೆಂದಿತು. ಅಮ್ಮನ ಫೋನು ಇಸಕೊಂಡು ಯುಪಿಐ ಆ್ಯಪ್ ತೆಗೆದೆ. ಪ್ರೊಫೈಲಿಗೆ ಹೋಗಿ ಆಟೋಪೇ ಅನ್ನುವ ಕಡೆ ಒತ್ತಿದೆ. ಅಲ್ಲಿತ್ತು. ಒಂದು ಮ್ಯಾಂಡೇಟ್. ಅಂದರೆ ಅಮ್ಮನೇ ಕೊಟ್ಟ ಒಪ್ಪಿಗೆ ಪತ್ರ, ತಿಂಗಳು ತಿಂಗಳು ಹಣ ಎಳೆದುಕೊಳ್ಳಿ ಅಂತ. ಅದು ಮುಗಿಯುವ ತಾರೀಖು ನೋಡಿದೆ. ಇನ್ನೂ 29 ವರ್ಷ ಇತ್ತು. ಆಗ ಅಮ್ಮನಿಗೆ ನೂರರ ಹತ್ತಿರ ಆಗಿರುತ್ತದೆ.

ಏನಾಗಿತ್ತು ಅಂತ ಕೆದಕಿ ಕೇಳಿದ ಮೇಲೆ ಗೊತ್ತಾಯಿತು. ಮಧ್ಯಾಹ್ನ ಊಟ ಮುಗಿಸಿ ಫೋನಿನಲ್ಲಿ ಏನೋ ನೋಡುತ್ತಾ ಮಲಗಿದ್ದಾಗ ಒಂದು ಜಾಹೀರಾತು ಬಂದಿದೆ. ಕತೆಗಳನ್ನು ಓದಿ ಹೇಳುವ ಆ್ಯಪ್. ಒಳ್ಳೆ ಕನ್ನಡ, ನಮ್ಮ ಕಡೆಯ ಹೆಣ್ಣುಮಗಳೇ ಮಾತಾಡಿದ ಹಾಗಿತ್ತಂತೆ. ಕಣ್ಣಿಗೆ ಆಯಾಸ ಆಗ್ತಿದೆಯಾ ಅಮ್ಮಾ, ಪುಸ್ತಕ ಹಿಡಿಯಕ್ಕೆ ಆಗ್ತಿಲ್ವಾ, ಇಲ್ಲಿ ಕೇಳಿ, ಏಳು ದಿನ ಪೂರ್ತಿ ಉಚಿತ, ಬರೀ ಒಂದು ರೂಪಾಯಿ. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಓದು ಬಿಟ್ಟು ಕೊರಗುತ್ತಿದ್ದ ಹೆಂಗಸು ನಮ್ಮಮ್ಮ. ಒತ್ತಿದರು. ತಪ್ಪೇನಿದೆ ಹೇಳಿ?

ಆಮೇಲೆ ಅದೇ ಜಾಹೀರಾತನ್ನು ನನ್ನ ಫೋನಿನಲ್ಲಿ ಹುಡುಕಿ, ಹಣ ಕಟ್ಟುವ ಹಂತದವರೆಗೂ ಹೋಗಿ ನೋಡಿದೆ. ಆ ಪರದೆಯನ್ನು ನಿಮಗೆ ಸರಿಯಾಗಿ ಹೇಳಬೇಕು, ಯಾಕೆಂದರೆ ಮೋಸ ಇರುವುದೇ ಅಲ್ಲಿ. ಮೇಲುಗಡೆ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ‘7 ದಿನ ಉಚಿತ’. ನಡುವೆ ದೊಡ್ಡ ಹಳದಿ ಬಟನ್ನು, ಅದರ ಮೇಲೆ ‘1 ರೂ. ಕೊಟ್ಟು ಶುರು ಮಾಡಿ’. ಮೂಲೆಯಲ್ಲಿ ಐದು ನಿಮಿಷದಿಂದ ಕೆಳಗೆ ಓಡುವ ಗಡಿಯಾರ, ಆಫರ್ ಮುಗಿಯುತ್ತಿದೆ ಅಂತ. ಆ ಗಡಿಯಾರ ಸುಳ್ಳು. ಆ್ಯಪ್ ಮುಚ್ಚಿ ತೆಗೆದರೆ ಮತ್ತೆ ಐದು ನಿಮಿಷದಿಂದಲೇ ಶುರು, ನಾನು ನಾಲ್ಕು ಸಲ ನೋಡಿದೆ. ಎಲ್ಲಕ್ಕಿಂತ ಕೆಳಗೆ, ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಬಣ್ಣದಲ್ಲಿ, ಇರುವೆ ಸಾಲಿನ ಹಾಗೆ ಒಂದು ಸಾಲು ಇಂಗ್ಲಿಷ್. ಟ್ರಯಲ್ ಮುಗಿದ ಮೇಲೆ ರದ್ದು ಮಾಡುವವರೆಗೂ ತಿಂಗಳಿಗೆ 399 ಅಂತ.

ಕರೆದದ್ದು ಕನ್ನಡದಲ್ಲಿ. ಕಟ್ಟಿಹಾಕಿದ್ದು ಇಂಗ್ಲಿಷಿನಲ್ಲಿ. ಇವತ್ತು ನಾನು ಇಲ್ಲಿ ನಿಂತು ಹೇಳಬೇಕು ಅಂತ ಬಂದಿರುವ ಮಾತು ಇದೇ. ಕನ್ನಡದಲ್ಲಿ ಆಸೆ ಹುಟ್ಟಿಸಲು ಬಂದವರಿಗೆ ಬೆಲೆಯನ್ನೂ ಕನ್ನಡದಲ್ಲಿ ಹೇಳಲು ಬರುತ್ತದೆ. ಅವರು ಬೇಕಂತಲೇ ಹೇಳುವುದಿಲ್ಲ.

ಆಟೋಪೇ ಅನ್ನುವುದೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕರೆಂಟ್ ಬಿಲ್ಲು, ಎಲ್‌ಐಸಿ ಕಂತು, ಮ್ಯೂಚುವಲ್ ಫಂಡಿನ ಎಸ್‌ಐಪಿ, ಇವಕ್ಕೆಲ್ಲ ತಿಂಗಳು ತಿಂಗಳು ನೆನಪಿಟ್ಟುಕೊಂಡು ಕಟ್ಟುವ ತಾಪತ್ರಯ ತಪ್ಪಲಿ ಅಂತ ಮಾಡಿದ ವ್ಯವಸ್ಥೆ ಅದು. ಯುಪಿಐಗೆ ಆಟೋಪೇ ಬಂದದ್ದು 2020ರ ಜುಲೈನಲ್ಲಿ. ಇದರಲ್ಲಿ ಮೊದಲ ಸಲ ಒಪ್ಪಿಗೆ ಕೊಡುವಾಗ ಮಾತ್ರ ನಿಮ್ಮ ಪಿನ್ ಬೇಕು. ಆಮೇಲೆ ಒಂದು ಮಿತಿಯೊಳಗಿನ ಮೊತ್ತಕ್ಕೆ ಪ್ರತಿ ಸಲ ಪಿನ್ ಕೇಳುವುದಿಲ್ಲ. ಆ ಮಿತಿ ಮೊದಲು 2000 ರೂಪಾಯಿ ಇತ್ತು, ಆಮೇಲೆ 5000 ಮಾಡಿದರು, 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು 15000ಕ್ಕೆ ಏರಿಸಿತು. ಈಗ ಯೋಚನೆ ಮಾಡಿ. ನಮ್ಮಮ್ಮ ಪಿನ್ ಒತ್ತಿದ್ದು ಒಂದು ರೂಪಾಯಿಗೆ ಅಂತ. ಅವರ ಮನಸ್ಸಿನಲ್ಲಿ ಇದ್ದದ್ದು ತರಕಾರಿ ಗಾಡಿಯವನಿಗೆ ಇಪ್ಪತ್ತು ರೂಪಾಯಿ ಕೊಟ್ಟ ಹಾಗೆ, ಕೊಟ್ಟೆ, ಮುಗಿಯಿತು. ಆದರೆ ಆ ಪಿನ್ ಒಂದು ರೂಪಾಯಿಯ ಜೊತೆಗೆ ಮುಂದಿನ 29 ವರ್ಷದ ಸಹಿಯೂ ಆಗಿತ್ತು. ಹಾಗೆ ಬಿಟ್ಟಿದ್ದರೆ ವರ್ಷಕ್ಕೆ 4788 ರೂಪಾಯಿ.

ಕಾರ್ಡಿನಲ್ಲಿ, ಯುಪಿಐನಲ್ಲಿ ಹೀಗೆ ಹಣ ಎಳೆಯುವ ಮೊದಲು, ಕನಿಷ್ಠ 24 ಗಂಟೆ ಮುಂಚೆ ತಿಳಿಸಬೇಕು, ಬೇಡ ಅನ್ನುವವರಿಗೆ ಬೇಡ ಅನ್ನಲು ದಾರಿ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅಮ್ಮನ ಫೋನಿನಲ್ಲಿ ಹುಡುಕಿದರೆ ಆ ಮೆಸೇಜ್ ಬಂದೇ ಇತ್ತು. ಇಂಗ್ಲಿಷಿನಲ್ಲಿ. ಸಾಲದ ಆಫರ್, ರೀಚಾರ್ಜ್ ಆಫರ್, ಸೀರೆ ಅಂಗಡಿ ಆಫರ್, ಇವುಗಳ ಮಧ್ಯೆ ಹೂತುಹೋಗಿತ್ತು. ಇನ್ನೊಂದು ವಿಷಯ, ಮೆಸೇಜಿನಲ್ಲಿ ಇದ್ದದ್ದು ಆ್ಯಪಿನ ಹೆಸರಲ್ಲ, ಅದನ್ನು ನಡೆಸುವ ಕಂಪನಿಯ ಹೆಸರು. ಕತೆ ಕೇಳಿದವರಿಗೆ ಆ ಹೆಸರು ಹೇಗೆ ಗೊತ್ತಾಗಬೇಕು? ಪಾಸ್‌ಬುಕ್ಕಿನಲ್ಲಿ ಅಮ್ಮ ಬೆರಳಿಟ್ಟು ನೋಡಿದಾಗಲೂ ಅರ್ಥವಾಗದೆ ಇದ್ದದ್ದು ಇದಕ್ಕೇ.

ಮೌನಂ ಸಮ್ಮತಿ ಲಕ್ಷಣಂ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಮದುವೆ ಮಾತುಕತೆಯಲ್ಲಿ ಹುಡುಗಿ ಸುಮ್ಮನಿದ್ದರೆ ಒಪ್ಪಿದ ಹಾಗೆ ಅಂತ. ಅದರಿಂದ ಎಷ್ಟು ಹೆಣ್ಣುಮಕ್ಕಳಿಗೆ ಏನೇನಾಯಿತು ಅಂತ ಇಲ್ಲಿರುವ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ. ಈ ಟ್ರಯಲ್ ವ್ಯಾಪಾರ ನಿಂತಿರುವುದೂ ಅದೇ ಮಾತಿನ ಮೇಲೆ. ಏಳನೇ ದಿನ ನೀವು ಏನೂ ಮಾಡದೆ ಸುಮ್ಮನಿದ್ದರೆ ಅದನ್ನು ಹೌದು ಅಂತ ಬರೆದುಕೊಳ್ಳುತ್ತಾರೆ. ನೀವು ಮರೆತಿದ್ದರೂ ಹೌದು, ಆಸ್ಪತ್ರೆಯಲ್ಲಿ ಮಲಗಿದ್ದರೂ ಹೌದು, ಆ ಆ್ಯಪನ್ನು ಎರಡನೇ ದಿನಕ್ಕೇ ಫೋನಿನಿಂದ ತೆಗೆದುಹಾಕಿದ್ದರೂ ಹೌದು.

ಇದು ಹೊಸದೇನೂ ಅಲ್ಲ. ನಿಮ್ಮಲ್ಲಿ ಬಹಳ ಜನಕ್ಕೆ ಕಾಲರ್ ಟ್ಯೂನ್ ಕಾಲ ನೆನಪಿರಬೇಕು, ಅಲ್ವಾ? ಬಟನ್ ಫೋನು. ಯಾರಿಗೋ ಫೋನ್ ಮಾಡಿದರೆ, ಈ ಹಾಡು ನಿಮಗೂ ಬೇಕಾದರೆ ಸ್ಟಾರ್ ಒತ್ತಿ ಅನ್ನುತ್ತಿತ್ತು. ಮೊದಲ ತಿಂಗಳು ಫ್ರೀ ಅನ್ನುತ್ತಿತ್ತು. ಮಕ್ಕಳು ಆಟಕ್ಕೆ ಒತ್ತಿಬಿಡುತ್ತಿದ್ದರು. ಆಮೇಲೆ ತಿಂಗಳಿಗೆ ಮೂವತ್ತೋ ಮೂವತ್ತೈದೋ ರೂಪಾಯಿ ಬ್ಯಾಲೆನ್ಸಿನಿಂದ ಹೋಗುತ್ತಲೇ ಇತ್ತು. ಐವತ್ತು ರೂಪಾಯಿ ರೀಚಾರ್ಜ್ ಮಾಡಿಸಿದ ದಿನವೇ ಬ್ಯಾಲೆನ್ಸ್ ಇಲ್ಲ ಅಂತ ಕೂಲಿ ಕೆಲಸದವರು ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು, ಅವನ ತಪ್ಪು ಏನೂ ಇರುತ್ತಿರಲಿಲ್ಲ. ದೂರುಗಳು ಬಿದ್ದೂ ಬಿದ್ದೂ ಕೊನೆಗೆ ಟ್ರಾಯ್, ಅಂದರೆ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರದ ಸಂಸ್ಥೆ, ಮಧ್ಯೆ ಬಂತು. 2013ರಲ್ಲಿ ಒಂದು ಆದೇಶ ಮಾಡಿ, ಇಂಥ ಸೇವೆ ಶುರು ಮಾಡುವ ಮೊದಲು ಗ್ರಾಹಕನಿಂದ ಎರಡು ಸಲ ಒಪ್ಪಿಗೆ ತೆಗೆದುಕೊಳ್ಳಬೇಕು, ಎರಡನೇ ಒಪ್ಪಿಗೆ ಇಲ್ಲದೆ ಹಣ ಕತ್ತರಿಸುವ ಹಾಗಿಲ್ಲ ಅಂತ ಹೇಳಿತು. ಬೇಡದ ಸೇವೆ ನಿಲ್ಲಿಸಲು 155223 ಅಂತ ಒಂದೇ ನಂಬರು ಎಲ್ಲ ಕಂಪನಿಗಳಿಗೂ.

ನೋಡಿ, ಆಗ ಹತ್ತು ಮೂವತ್ತು ರೂಪಾಯಿಗೇ ಎರಡು ಸಲ ಕೇಳಬೇಕು ಅಂತ ಮಾಡಿದರು. ಈಗ 399, 599, 999 ಹೋಗುತ್ತಿರುವಾಗ ಒಂದೇ ಸಲ ಕೇಳಿ, ಅದನ್ನೂ ಒಂದು ರೂಪಾಯಿಯ ಮರೆಯಲ್ಲಿ ಕೇಳಿ, ಕೈ ತೊಳೆದುಕೊಳ್ಳುತ್ತಿದ್ದಾರೆ. ಟ್ರಯಲ್ ಮುಗಿದ ದಿನ ಮತ್ತೊಮ್ಮೆ ಕೇಳಲಿ. ಅಮ್ಮಾ, ಏಳು ದಿನ ಆಯಿತು, ಮುಂದುವರಿಸಬೇಕಾದರೆ ತಿಂಗಳಿಗೆ 399, ಬೇಕಾ ಬೇಡವಾ ಅಂತ. ಬೇಕು ಅಂದವರಿಂದ ಪಿನ್ ಒತ್ತಿಸಿಕೊಳ್ಳಲಿ. ನನ್ನ ಬೇಡಿಕೆ ಇಷ್ಟೇ. ಒಳ್ಳೆ ಕತೆ ಓದಿ ಹೇಳುವ ಕಂಪನಿಗೆ ಇದರಿಂದ ನಷ್ಟವಾಗುವುದಿಲ್ಲ, ನಮ್ಮಮ್ಮನೇ ದುಡ್ಡು ಕೊಟ್ಟು ಕೇಳುತ್ತಿದ್ದರು.

ಸಂತೆಯಲ್ಲಿ ಕಲ್ಲಂಗಡಿ ಮಾರುವವನನ್ನು ನೆನಪು ಮಾಡಿಕೊಳ್ಳಿ. ಹಣ್ಣಿಗೆ ಮೂರು ಕಡೆ ಚಾಕು ಹಾಕಿ ಒಂದು ಚೂರು ಎತ್ತಿ ತೋರಿಸುತ್ತಾನೆ, ಕೆಂಪಗಿದೆಯಾ ನೋಡಿ, ತಿಂದು ನೋಡಿ ಅನ್ನುತ್ತಾನೆ. ಕಿತ್ತಳೆಯವನು ಒಂದು ತೊಳೆ ಬಿಡಿಸಿ ಕೈಗಿಡುತ್ತಾನೆ. ಹುಳಿ ಅನಿಸಿದರೆ ನಾವು ಮುಂದಕ್ಕೆ ಹೋಗುತ್ತೇವೆ, ಅವನು ಬೈದುಕೊಂಡರೂ ನಮ್ಮ ಸೆರಗು ಹಿಡಿದು ಎಳೆಯುವುದಿಲ್ಲ. ರುಚಿ ನೋಡಲು ಕೊಡುವುದು ಅಂದರೆ ಅದು. ರುಚಿ ನೋಡುವ ಮೊದಲೇ ಪರ್ಸು ಬಿಚ್ಚಿ ನನ್ನ ಕೈಗೆ ಕೊಡಿ ಅಂತ ಯಾವ ಹಣ್ಣಿನವನೂ ಕೇಳುವುದಿಲ್ಲ.

ಈಗ ಕಾನೂನಿಗೆ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಇದು ನಮ್ಮ ಕಡೆಗೇ ಇರುವ ಕಾನೂನು, ನಮಗೆ ಗೊತ್ತಿಲ್ಲ ಅಷ್ಟೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕೆಳಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂತ ಒಂದಿದೆ. ಅವರು 2022ರ ಜೂನ್ 9ರಂದು ತಪ್ಪು ದಾರಿಗೆಳೆಯುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದರು. ಅದರಲ್ಲಿ ‘ಉಚಿತ’ ಅನ್ನುವ ಮಾತಿಗೇ ಬೇರೆ ಒಂದು ನಿಯಮ ಇದೆ. ಆ ಆಫರಿಗೆ ಪ್ರತಿಕ್ರಿಯೆ ಕೊಡುವ, ವಸ್ತುವನ್ನು ತರಿಸಿಕೊಳ್ಳುವ ತಪ್ಪಿಸಲಾಗದ ಖರ್ಚು ಬಿಟ್ಟು ಬೇರೆ ಏನಾದರೂ ಕೊಡಬೇಕಾಗಿದ್ದರೆ ಉಚಿತ ಅನ್ನಬಾರದು. ಉಚಿತ ಆಫರ್ ಪಡೆಯಲು ಗ್ರಾಹಕ ಯಾವ ಯಾವ ಹೊಣೆ ಹೊರಬೇಕು ಅನ್ನುವುದನ್ನು ಸ್ಪಷ್ಟವಾಗಿ ಹೇಳಬೇಕು. ಮೊದಲು ಹಣ ಕಟ್ಟಿ, ಇಷ್ಟವಾಗದಿದ್ದರೆ ವಾಪಸ್ ಕೊಡುತ್ತೇವೆ ಅನ್ನುವುದನ್ನು ಫ್ರೀ ಟ್ರಯಲ್ ಅಂತ ಕರೆಯಬಾರದು.

ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲಿದೆ, ನಾನು ಓದಿದಾಗ ಎರಡು ಸಲ ಓದಿಕೊಂಡೆ. ಜಾಹೀರಾತಿನ ಮುಖ್ಯ ಮಾತು ಯಾವ ಭಾಷೆಯಲ್ಲಿ ಇರುತ್ತದೋ, ಕೆಳಗಿನ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ಅಕ್ಷರದ ವಿನ್ಯಾಸವೂ ಅದೇ ಇರಬೇಕು. ಮಾತನ್ನು ದನಿಯಲ್ಲಿ ಹೇಳಿದ್ದರೆ ಷರತ್ತು ಆ ದನಿಯ ಜೊತೆಜೊತೆಗೇ ಪರದೆಯ ಮೇಲೆ ಬರಬೇಕು. ಅಂದರೆ ಅಮ್ಮನಿಗೆ ಆದದ್ದು ನಿಯಮಕ್ಕೇ ವಿರುದ್ಧ. ‘ಏಳು ದಿನ ಉಚಿತ’ ಅಂತ ಕನ್ನಡದಲ್ಲಿ ಹೇಳಿದ ಮೇಲೆ, ‘ಆಮೇಲೆ ತಿಂಗಳಿಗೆ 399 ರೂಪಾಯಿ’ ಅನ್ನುವುದೂ ಕನ್ನಡದಲ್ಲೇ ಬರಬೇಕಿತ್ತು. ನಾವು ಯಾರ ಹತ್ತಿರವೂ ದಯೆ ಬೇಡುತ್ತಿಲ್ಲ. ಇದು ಬರೆದಿಟ್ಟ ನಿಯಮ.

ಮುಂದಿನ ವರ್ಷ, 2023ರ ನವೆಂಬರ್ 30ರಂದು, ಅದೇ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಬಗ್ಗೆ ಮಾರ್ಗಸೂಚಿ ತಂದಿತು. ಹೆಸರು ಕೇಳಿ ಹೆದರಬೇಡಿ. ಆ್ಯಪಿನಲ್ಲಿ, ವೆಬ್‌ಸೈಟಿನಲ್ಲಿ ನಮ್ಮ ಬೆರಳು ಅವರಿಗೆ ಬೇಕಾದ ಕಡೆಗೇ ಹೋಗುವ ಹಾಗೆ ಪರದೆಯನ್ನು ಜೋಡಿಸುವ ಕುಯುಕ್ತಿ ಅಂತ ಅರ್ಥ. ಹದಿಮೂರು ಕುಯುಕ್ತಿಗಳನ್ನು ಹೆಸರಿಟ್ಟು ಪಟ್ಟಿ ಮಾಡಿದ್ದಾರೆ. ನಾನು ಹೇಳಿದ ಸುಳ್ಳು ಗಡಿಯಾರ ಅದರಲ್ಲಿ ಇದೆ. ಬೇಡ ಅನ್ನುವವರಿಗೆ ನಾಚಿಕೆಯಾಗುವ ಹಾಗೆ ಬರೆಯುವುದು ಇದೆ, ‘ಇಲ್ಲ, ನನಗೆ ನನ್ನ ಆರೋಗ್ಯದ ಕಾಳಜಿ ಇಲ್ಲ’ ಅಂತ ಬಟನ್ ಮೇಲೆ ಬರೆದಿರುತ್ತಾರಲ್ಲ, ಆ ಥರದ್ದು. ಚಂದಾ ಬೋನು ಅಂತ ಒಂದಿದೆ, ನಮ್ಮ ವಿಷಯಕ್ಕೆ ಅದೇ ಮುಖ್ಯ. ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಉದ್ದ ಮಾಡುವುದು, ಗೊಂದಲ ಮಾಡುವುದು ಇವೆಲ್ಲ ಅದರಲ್ಲಿ ಬರುತ್ತವೆ. ಅಷ್ಟೇ ಅಲ್ಲ, ಉಚಿತ ಚಂದಾ ಕೊಡುತ್ತೇವೆ ಅಂತ ಹೇಳಿ, ಅದಕ್ಕೆ ಹಣ ಕಟ್ಟುವ ವಿವರವನ್ನೋ ಆಟೋ ಡೆಬಿಟ್ ಒಪ್ಪಿಗೆಯನ್ನೋ ಬಲವಂತವಾಗಿ ಕೇಳುವುದೂ ಚಂದಾ ಬೋನೇ ಅಂತ ಬರೆದಿದ್ದಾರೆ. ಟ್ರಯಲ್ ಮುಗಿದು ಹಣದ ಚಂದಾ ಶುರುವಾಗುವಾಗ ಗ್ರಾಹಕನಿಗೆ ತಿಳಿಸದೆ ಇರುವುದೂ ಪಟ್ಟಿಯಲ್ಲಿದೆ.

ಒಂದು ರೂಪಾಯಿಯ ಗುಟ್ಟು ನನಗೆ ಇದನ್ನು ಓದಿದ ಮೇಲೆ ಹೊಳೆಯಿತು. ಪೂರ್ತಿ ಉಚಿತ ಅಂದರೆ, ಮತ್ತೆ ಪಿನ್ ಯಾಕೆ ಅಂತ ಯಾರಾದರೂ ಕೇಳುತ್ತಾರೆ. ಒಂದು ರೂಪಾಯಿ ಅಂದರೆ ಪಿನ್ ಕೇಳುವುದು ಸಹಜ ಅನಿಸುತ್ತದೆ. ಅವರಿಗೆ ಬೇಕಾಗಿರುವುದು ಆ ರೂಪಾಯಿ ಅಲ್ಲ, ಪಿನ್ನು. ಕೆಲವರು ಆ ರೂಪಾಯಿಯನ್ನು ವಾಪಸ್ ಕೂಡ ಹಾಕುತ್ತಾರೆ, ಅದನ್ನು ನೋಡಿ ನಾವು ಎಷ್ಟು ಪ್ರಾಮಾಣಿಕರಪ್ಪಾ ಅಂದುಕೊಳ್ಳುತ್ತೇವೆ.

ಮಕ್ಕಳ ಪಾಠದ ಆ್ಯಪುಗಳ ವಿಷಯದಲ್ಲಿ ಇದು ಇನ್ನೂ ಕೆಟ್ಟದಾಗಿ ನಡೆಯಿತು. ಕೊರೊನಾ ಕಾಲದಲ್ಲಿ ಶಾಲೆ ಇಲ್ಲ, ತಂದೆ ತಾಯಿಗೆ ಭಯ. ಉಚಿತ ಡೆಮೊ ಕ್ಲಾಸು ಅಂತ ಮನೆಗೇ ಬಂದು, ಟ್ಯಾಬ್ ತೋರಿಸಿ, ಸಹಿ ಹಾಕಿಸಿಕೊಂಡು ಹೋದದ್ದು ಸಾಲದ ಕಂತಿನ ಕಾಗದಕ್ಕೆ. ನಮ್ಮ ಶಾಖೆಗೇ ಹೀಗೆ ಮೋಸಹೋದವರು ಬರುತ್ತಿದ್ದರು. ಒಬ್ಬ ಟೈಲರ್, ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಮಗಳು ಎರಡು ದಿನ ಬಿಟ್ಟು ಆ ಪಾಠ ನೋಡಲೇ ಇಲ್ಲ ಮೇಡಂ, ಆದರೆ ತಿಂಗಳ ಐದನೇ ತಾರೀಖು ಬಂದರೆ ಖಾತೆ ಖಾಲಿ ಅಂದ. ಆ ಕಾಗದ ತೋರಿಸಿದೆ, ಇದರಲ್ಲಿ ನಿಮ್ಮ ಸಹಿ ಇದೆಯಲ್ಲಪ್ಪ ಅಂದೆ. ಅವನು ಬಹಳ ಹೊತ್ತು ಆ ಸಹಿಯನ್ನೇ ನೋಡಿದ. ‘ಫ್ರೀ ಅಂದ್ರು ಮೇಡಂ, ಹೆಸರು ಬರೆದುಕೊಳ್ಳೋಕೆ ಸಹಿ ಅಂದ್ರು’ ಅಂದ. ಅವತ್ತು ಕಾಗದದಲ್ಲಿ ಇದ್ದದ್ದನ್ನೇ ನಾನು ಓದಿ ಹೇಳಿ ಕಳಿಸಿದೆ. ಜಾಹೀರಾತಿನಲ್ಲಿ ಏನಂದಿದ್ದರು, ಬಾಯಲ್ಲಿ ಏನಂದಿದ್ದರು ಅಂತ ಕೇಳಿ ಒಂದು ದೂರು ಬರೆಸಬೇಕಿತ್ತು. ಬರೆಸಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. 2021ರ ಡಿಸೆಂಬರಿನಲ್ಲಿ ಕೇಂದ್ರದ ಶಿಕ್ಷಣ ಇಲಾಖೆಯೇ ಪೋಷಕರಿಗೆ ಎಚ್ಚರಿಕೆ ಕೊಟ್ಟಿತು. ಉಚಿತ ಸೇವೆಯ ಹೆಸರಿನಲ್ಲಿ ಆಟೋ ಡೆಬಿಟ್ ಒಪ್ಪಿಗೆ ಪಡೆಯುತ್ತಿದ್ದಾರೆ, ಅದರಲ್ಲೂ ದುರ್ಬಲ ಕುಟುಂಬಗಳನ್ನೇ ಗುರಿ ಮಾಡುತ್ತಿದ್ದಾರೆ, ಚಂದಾಕ್ಕೆ ಆಟೋ ಡೆಬಿಟ್ ಕೊಡಬೇಡಿ ಅಂತ. ಆ ಟೈಲರನಿಗೆ ಅಷ್ಟರಲ್ಲಿ ಎಷ್ಟು ಕಂತು ಹೋಗಿತ್ತೋ.

ಈ ಮಾತು ಎಲ್ಲಿ ಆಡಿದರೂ ಒಬ್ಬರಾದರೂ, ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು, ಎದ್ದು ಕೇಳುತ್ತಾರೆ. ಒತ್ತುವ ಮೊದಲು ಓದಬೇಕಿತ್ತಲ್ವಾ ಅಂತ. ಇವತ್ತು ಯಾರೂ ಕೇಳದೆ ಇದ್ದರೂ ಮನಸ್ಸಿನಲ್ಲಿ ಇರಬಹುದು, ಹೇಳಿಬಿಡುತ್ತೇನೆ. ಓದಬೇಕು, ನಿಜ. ಆದರೆ ಓದಬಾರದು ಅಂತಲೇ ಬರೆದದ್ದನ್ನು ಓದಲಿಲ್ಲ ಅಂತ ಎಪ್ಪತ್ತರ ಹೆಂಗಸನ್ನು ಬೈಯುವುದು ಯಾವ ನ್ಯಾಯ? ಹಳದಿ ಬಟನ್ನಿಗೆ ಯಾವ ಹಳದಿ ಹಾಕಿದರೆ ಜಾಸ್ತಿ ಜನ ಒತ್ತುತ್ತಾರೆ ಅಂತ ಪರೀಕ್ಷೆ ಮಾಡಿ ನೋಡುವ ಶಕ್ತಿ ಇರುವ ಕಂಪನಿ ಒಂದು ಕಡೆ. ಊಟ ಮಾಡಿ, ಕಣ್ಣು ಮಂಜಾಗಿ, ಮಂಚದ ಮೇಲೆ ಮಲಗಿ ಫೋನು ಹಿಡಿದ ನಮ್ಮಮ್ಮ ಇನ್ನೊಂದು ಕಡೆ. ಆ ದಿನ ಅಮ್ಮ ಅತ್ತದ್ದು 1197 ರೂಪಾಯಿಗಲ್ಲ. ‘ನನಗೆ ಬುದ್ಧಿ ಕಮ್ಮಿಯಾಯಿತು ಕಣೇ, ಇನ್ನು ಫೋನು ಬೇಡ’ ಅಂತ ಅತ್ತರು. ಒಂದು ವಾರ ಫೋನು ಮುಟ್ಟಲಿಲ್ಲ. ಮೈಸೂರಿನಲ್ಲಿರುವ ತಂಗಿಯ ಜೊತೆ ದಿನಾ ಮಾತಾಡುತ್ತಿದ್ದವರು ಅದನ್ನೂ ಬಿಟ್ಟರು. ಈ ನಷ್ಟಕ್ಕೆ ಯಾವ ಪಾಸ್‌ಬುಕ್ಕಿನಲ್ಲೂ ಎಂಟ್ರಿ ಇಲ್ಲ.

ಇನ್ನು ಮೊತ್ತ ಸಣ್ಣದು ಅಂತ ಎಲ್ಲರೂ ಬಿಟ್ಟುಬಿಡುತ್ತೇವೆ. ನಾನ್ನೂರು ರೂಪಾಯಿಗೆ ಯಾರು ಓಡಾಡುತ್ತಾರೆ ಅಂತ. ಲೆಕ್ಕಕ್ಕೆ ಹೇಳುತ್ತೇನೆ, ಒಂದು ಲಕ್ಷ ಜನ ಹೀಗೆ ಒಂದೇ ಒಂದು ತಿಂಗಳು ಮರೆತರೆ 3 ಕೋಟಿ 99 ಲಕ್ಷ. ನಾವು ಅದಕ್ಕಾಗಿ ಓಡಾಡಲು ಹೋಗದಷ್ಟು ಸಣ್ಣದಾಗಿ, ಅವರಿಗೆ ಸಾಕಾಗುವಷ್ಟು ದೊಡ್ಡದಾಗಿ ಬೆಲೆ ಇಟ್ಟಿರುತ್ತಾರೆ.

ಈಗ ಏನು ಮಾಡಬೇಕು. ಫೋನು ಇರುವವರು ಕೈಗೆ ತೆಗೆದುಕೊಳ್ಳಿ, ಒಟ್ಟಿಗೇ ನೋಡೋಣ.

ನೀವು ಹಣ ಕಳಿಸಲು ಯಾವ ಯುಪಿಐ ಆ್ಯಪ್ ಬಳಸುತ್ತೀರೋ ಅದನ್ನು ತೆಗೆಯಿರಿ. ಮೇಲೆ ಮೂಲೆಯಲ್ಲಿ ನಿಮ್ಮ ಫೋಟೋನೋ ಹೆಸರಿನ ಮೊದಲ ಅಕ್ಷರವೋ ಇರುತ್ತದೆ, ಒತ್ತಿ. ಕೆಳಗೆ ಹೋದರೆ ಆಟೋಪೇ ಅಂತ ಇರುತ್ತದೆ. ಅದರೊಳಗೆ ನೀವು ಯಾರ್ಯಾರಿಗೆ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಪಟ್ಟಿ ಇದೆ. ಗೊತ್ತಿರುವುದನ್ನು, ಎಲ್‌ಐಸಿ ಥರದ್ದನ್ನು, ಮುಟ್ಟಬೇಡಿ. ಗೊತ್ತಿಲ್ಲದ್ದನ್ನು ತೆಗೆದು ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಆಮೇಲೆ ರದ್ದು ಮಾಡಿ. ಎರಡು ಮೂರು ಯುಪಿಐ ಆ್ಯಪ್ ಇದ್ದರೆ ಎಲ್ಲದರಲ್ಲೂ ನೋಡಿ. ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡ ಚಂದಾ ಬೇರೆ ಕಡೆ ಇರುತ್ತದೆ. ಪ್ಲೇ ಸ್ಟೋರಿನಲ್ಲಿ ನಿಮ್ಮ ಫೋಟೋ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್ ಅನ್ನುವಲ್ಲಿ ನೋಡಿ.

ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಇದನ್ನು ದಯವಿಟ್ಟು ಮನೆಗೆ ಹೋಗಿ ಎಲ್ಲರಿಗೂ ಹೇಳಿ. ಹಾಲಿನವನ ಮುಂದೆ ಬಾಗಿಲು ಹಾಕಿಕೊಂಡರೆ ಹಾಲಿನ ಲೆಕ್ಕ ನಿಲ್ಲುವುದಿಲ್ಲ, ನಾಳೆಯಿಂದ ಬೇಡ ಅಂತ ಅವನಿಗೇ ಹೇಳಬೇಕು, ಹಾಗೆ.

ಇನ್ನೊಂದು. ರದ್ದು ಮಾಡುವಾಗಲೂ ಪಿನ್ ಕೇಳುತ್ತದೆ. ಪಿನ್ ಹಾಕಿದರೆ ಹಣ ಹೋಗುತ್ತದೆ, ಸುಮ್ಸುಮ್ನೆ ಪಿನ್ ಹಾಕಬೇಡಿ ಅಂತ ನಾವೇ ಬ್ಯಾಂಕಿನವರು ನಿಮಗೆ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇವೆ. ಹಾಗಾಗಿ ಎಷ್ಟೋ ಜನ ಇಲ್ಲಿ ಬಂದು ಹೆದರಿ ಹಿಂದಕ್ಕೆ ಹೋಗುತ್ತಾರೆ. ನೀವೇ ನಿಮ್ಮ ಆ್ಯಪಿನೊಳಗೆ ಹೋಗಿ, ಆಟೋಪೇ ಪಟ್ಟಿಯಿಂದ, ರದ್ದು ಅಂತ ಒತ್ತಿದ ಮೇಲೆ ಕೇಳುವ ಪಿನ್ ಅದು. ಹೆದರಬೇಡಿ. ಫೋನ್ ಮಾಡಿ, ರದ್ದು ಮಾಡಿಕೊಡುತ್ತೇವೆ, ಲಿಂಕ್ ಕಳಿಸಿದ್ದೇವೆ ಅನ್ನುವವರ ಮಾತು ಕೇಳಿ ಮಾತ್ರ ಯಾವತ್ತೂ ಹಾಕಬೇಡಿ.

ಹೋದ ಹಣಕ್ಕೆ ಮೊದಲು ಕಂಪನಿಗೆ ಬರೆಯಿರಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೇ ಮಾತಾಡಬಹುದು. ನಾನು ಅಮ್ಮನ ಪರವಾಗಿ ದೂರು ಕೊಟ್ಟೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಜೊತೆಗೆ. ಕಂಪನಿಯವರು ಮೊದಲು ಷರತ್ತಿನಲ್ಲಿ ಇತ್ತಲ್ಲ ಅಂದರು. ಷರತ್ತು ಕನ್ನಡದಲ್ಲಿ ಯಾಕಿಲ್ಲ ಅಂತ ನಾನು ಎರಡು ಸಲ ಬರೆದೆ, ಅದಕ್ಕೆ ಉತ್ತರ ಬರಲಿಲ್ಲ. ಆದರೆ ಮೂರು ಕಂತಿನಲ್ಲಿ ಎರಡು ವಾಪಸ್ ಬಂತು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷ. ಅದರಲ್ಲಿ ಮುಖ ತೋರಿಸಿ ಹೊಗಳಿದವರಿಗೂ ದಂಡ ಉಂಟು. ರೀಲ್ಸ್ ಮಾಡುವ ನಮ್ಮ ಹುಡುಗ ಹುಡುಗಿಯರು ಇದನ್ನು ತಿಳಿದುಕೊಳ್ಳಬೇಕು. ಆ ಜಾಹೀರಾತಿನಲ್ಲಿ ಅಮ್ಮಾ ಅಂತ ಕರೆದ ದನಿ ಯಾರದ್ದೋ ನಮ್ಮ ಊರಿನ ಮಗಳದ್ದೇ ಇರಬೇಕು. ಅವಳಿಗೆ ಕೊಟ್ಟ ಸ್ಕ್ರಿಪ್ಟಿನಲ್ಲಿ 399 ಇರಲಿಲ್ಲ ಅಂತ ಕಾಣುತ್ತದೆ. ಅವಳಾದರೂ ಒಂದು ಮಾತು ಕೇಳಬಹುದಿತ್ತು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ, ಸಾಫ್ಟ್‌ವೇರ್ ಕೆಲಸದವನು, ಪೇಮೆಂಟ್ ವಿವರ ಕೇಳದೆ ಇದ್ದರೆ ಜನ ದಿನಕ್ಕೊಂದು ಅಕೌಂಟ್ ಮಾಡಿಕೊಂಡು ಶಾಶ್ವತವಾಗಿ ಫ್ರೀ ಬಳಸುತ್ತಾರೆ ಮೇಡಂ ಅಂದ. ನಿಜವೇ. ಅದಕ್ಕೆ ಫೋನ್ ನಂಬರು ಕೇಳಿ, ಒಂದು ನಂಬರಿಗೆ ಒಂದೇ ಟ್ರಯಲ್ ಕೊಡಿ ಅಂದೆ. ಪಿನ್ ತೆಗೆದುಕೊಳ್ಳಲೇಬೇಕು ಅಂತಾದರೆ ಬಟನ್ನಿನ ಮೇಲೆ ಒಂದು ರೂಪಾಯಿ ಎಷ್ಟು ದಪ್ಪಗಿದೆಯೋ 399 ಕೂಡ ಅಷ್ಟೇ ದಪ್ಪಗೆ ಇರಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೆ ಬರೆದರೆ ಒತ್ತುವವರು ಕಮ್ಮಿಯಾಗುತ್ತಾರೆ ಅಂತ ಮೀಟಿಂಗಿನಲ್ಲಿ ಹೇಳುತ್ತಾರೆ ಅಂದ. ಹೌದಪ್ಪ, ಬೆಲೆ ಗೊತ್ತಾದರೆ ಬೇಡ ಅನ್ನುವವರ ದುಡ್ಡದು ಅಂದೆ.

ಎಲ್ಲರೂ ಟೀ ಕುಡಿಯಲು ಕೆಳಗೆ ಇಳಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಹತ್ತಿರ ಬಂದರು. ನಿವೃತ್ತ ಮೇಷ್ಟ್ರು, ಬಿಳಿ ಪಂಚೆ, ಕೈಯಲ್ಲಿ ಫೋನು. ‘ನನ್ನದೂ ಒಂದು ನೋಡಮ್ಮ’ ಅಂದರು. ಪಟ್ಟಿಯಲ್ಲಿ ಎರಡಿತ್ತು. ಒಂದು ವಿಮೆಯ ಕಂತು. ಇನ್ನೊಂದು ಜಾತಕ ನೋಡುವ ಆ್ಯಪು, ತಿಂಗಳಿಗೆ 299, ಎಂಟು ತಿಂಗಳಿಂದ. ಮೊಮ್ಮಗಳ ಮದುವೆಗೆ ಅಂತ ಒಂದು ಸಲ ನೋಡಿದ್ದರಂತೆ, ಆಮೇಲೆ ತೆಗೆದೇ ಇಲ್ಲ. ರದ್ದು ಅಂತ ಒತ್ತಿದೆ, ಪಿನ್ ಕೇಳಿತು, ಫೋನು ಅವರ ಕೈಗೆ ಕೊಟ್ಟು ನಾನು ಮುಖ ತಿರುಗಿಸಿಕೊಂಡೆ. ಅವರು ಹಾಕಲಿಲ್ಲ.

‘ಹಾಕಿದರೆ ಹೋಗಲ್ಲ ತಾನೇ?’ ಅಂದರು.

‘ಹೋಗಲ್ಲ ಮೇಷ್ಟ್ರೇ.’

ನಾಲ್ಕು ಅಂಕಿ ಒತ್ತುವುದಕ್ಕೆ ಅವರಿಗೆ ತುಂಬಾ ಹೊತ್ತು ಬೇಕಾಯಿತು. ಆಮೇಲೆ ಮೆಸೇಜ್ ಬಂತು, ಇಂಗ್ಲಿಷಿನಲ್ಲಿ. ಏನು ಬರೆದಿದೆ ಓದಮ್ಮ ಅಂದರು. ಕನ್ನಡದಲ್ಲಿ ಹೇಳಿದೆ.